ಅಲಗಿನ ಓರೆ

ಅಕ್ಕ, ಆ ಚಾಕುನ ಬೇಲಿ ಮೇಲಿಂದ ಇತ್ತ ಕೊಡು. ಕೋಸಿನ ಮೇಲೆ ಅಷ್ಟು ಬಲ ಹಾಕಿ ಒತ್ತೋದಾದ್ರೆ ಅದು ಹೆಚ್ಚೋದಲ್ಲ, ಜಜ್ಜೋದು. ಕೈ ಕುಯ್ಯೋದು ಮೊಂಡು ಚಾಕೇ ಕಣಕ್ಕ. ಹರಿತ ಇದ್ರೆ ತನ್ನ ಪಾಡಿಗೆ ಇಳೀತದೆ. ಮೊಂಡಾದ್ರೆ ಟೊಮೆಟೊ ಸಿಪ್ಪೆ ಮೇಲೆ ಜಾರಿ ಬೆರಳಿಗೆ ಬೀಳ್ತದೆ.

ಸಾಣೆಯವನಿಗೆ ಕಾಯ್ತಾ ಕೂತ್ರೆ ಆಯ್ತು. ದಿಂಬಂ ಘಾಟಿ 27 ತಿರುವು ಹತ್ತಿ ನಮ್ಮ ತಾಳವಾಡಿಗೆ ಅವನು ಯಾವಾಗ ಬಂದಾನು? ಇಗೋ, ಇದನ್ನ ನೋಡು. ಚಾಕು ಬೆನ್ನನ್ನ ಕಚ್ಚಿ ಹಿಡಿಯೋ ಇಕ್ಕಳ, ಅದರ ಮೇಲಿನ ತಗಡಲ್ಲಿ ನಾಕು ತೂತು: 17, 20, 25, 30 ಡಿಗ್ರಿ. ಕಲ್ಲಿಗೆ ಸಿಗಿಸಿದ ಕಂಬಿ ಈ ತೂತಲ್ಲಿ ಹೋಗಿ ಬರ್ತದೆ. ಕೈ ಎಷ್ಟೇ ಅಲುಗಾಡಲಿ, ಕಲ್ಲು ಅಲಗನ್ನ ಮುಟ್ಟೋ ಓರೆ ಬದಲಾಗಲ್ಲ. ಲ್ಯಾನ್ಸ್ಕಿ ಅನ್ನೋ ಅಮೆರಿಕದ ಕಂಪನಿ ಈ ನಮೂನೆಗೆ ಹೆಸರುವಾಸಿ. ನಮ್ಮ ಆಚಾರಿಗಳ ಕೈಗೆ ಮಸೆದೂ ಮಸೆದೂ ಬಂದಿರೋದು ಈ ಓರೆಯೇ. ಮಸೆಯೋದಕ್ಕೆ ಗಂಡಸರ ತೋಳೇ ಬೇಕು ಅಂತ ನಮ್ಮನ್ನ ಇಷ್ಟು ದಿನ ದೂರ ಇಟ್ರಲ್ಲ, ನನಗೆ ಅದೇ ಸಂಕಟ. ಬಲ ಹಾಕಿದಷ್ಟೂ ಕೆಲಸ ಕೆಡ್ತದೆ. ಕಲ್ಲಿನ ತೂಕವೇ ಸಾಕು.

ಅಡುಗೆ ಚಾಕುಗೆ 20ರ ತೂತು. ಮೊದಲು ಅಲಗಿನ ಅಂಚಿಗೆ ಸ್ಕೆಚ್ ಪೆನ್ನಲ್ಲಿ ಕಪ್ಪು ಬಳಿ. ಕಲ್ಲು ಒಂದೆರಡು ಸಲ ಆಡಿಸಿದ ಮೇಲೆ ಶಾಯಿ ಎಲ್ಲಿ ಅಳಿಸಿದೆ ನೋಡು. ಅಂಚಿನ ತುದಿವರೆಗೂ ಅಳಿಸಿದ್ರೆ ಓರೆ ಸರಿ. ಮೇಲ್ಗಡೆ ಮಾತ್ರ ಅಳಿಸಿದ್ರೆ ಇನ್ನೂ ತುದಿ ಮುಟ್ಟಿಲ್ಲ ಅಂತ, ಮುಂದಿನ ತೂತಿಗೆ ಹೋಗು. ಒಂದು ವಿಷಯ ಮರೀಬೇಡ: ತಗಡಿನ ಮೇಲೆ 20 ಅಂತ ಇದ್ರೂ ಅಗಲ ಚಾಕುವಿನ ಅಂಚು ಇಕ್ಕಳದಿಂದ ದೂರ ಇರ್ತದೆ, ಅಲ್ಲಿ ಓರೆ ಕಮ್ಮಿ ಆಗ್ತದೆ. ಅದಕ್ಕೇ ಪ್ರತಿ ಸಲವೂ ಇಕ್ಕಳನ ಅದೇ ಜಾಗಕ್ಕೆ ಕಚ್ಚಿಸಬೇಕು. ಬೆನ್ನ ಮೇಲೆ ಒಂದು ಗುರುತು ಹಾಕ್ಕೊ.

ಒರಟು ಕಲ್ಲಲ್ಲಿ ಒಂದು ಬದಿ ಮಸೀತಾ ಹೋದ್ರೆ ಉಕ್ಕಿನ ಸಣ್ಣ ಎಳೆ ಆಚೆ ಬದಿಗೆ ಮಡಚಿಕೊಳ್ತದೆ. ಬೆನ್ನಿಂದ ಅಂಚಿನ ಕಡೆಗೆ ಬೆರಳು ಸವರಿದ್ರೆ ತರಿತರಿ ತಗಲ್ತದೆ. ಅಂಚಿನುದ್ದಕ್ಕೂ ಸವರಬೇಡ ಮಾರಾಯ್ತಿ! ಬುಡದಿಂದ ಮೊನೆವರೆಗೂ ಆ ತರಿ ಸಿಗೋವರೆಗೆ ಬದಿ ಬದಲಿಸಬೇಡ. ಜನ ಸೋಲೋದೇ ಇಲ್ಲಿ. ಆ ಬದಿ ನಾಕು, ಈ ಬದಿ ನಾಕು ಎಳೆದು ಹರಿತ ಬರಲಿಲ್ಲ ಅಂತಾರೆ. ಎರಡೂ ಬದಿ ಆದ ಮೇಲೆ ನಯ ಕಲ್ಲು, ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಹಿಮ್ಮುಖವಾಗಿ ಎಳೀಬೇಕು, ಆ ಎಳೆ ಉದುರೋ ಹಾಗೆ.

ಇಕ್ಕಳ ಇಲ್ಲದವರಿಗೂ ದಾರಿ ಇದೆ. ಕಾಗದದ ಮೂಲೆ 90 ಡಿಗ್ರಿ. ಮೂಲೆಯಿಂದಲೇ ಮಡಚಿದ್ರೆ 45, ಇನ್ನೊಂದ್ಸಲ ಮಡಚಿದ್ರೆ 22.5. ಅದನ್ನ ಕಲ್ಲಿನ ಪಕ್ಕ ನಿಲ್ಲಿಸಿ ಚಾಕುನ ಅಷ್ಟೇ ಓರೆಗೆ ಹಿಡಿ.

ಮಚ್ಚಿಗೆ ಮಾತ್ರ ಈ ಇಕ್ಕಳ ಬೇಡ. ಬೆನ್ನು ದಪ್ಪ, ಇಕ್ಕಳ ಬಾಯಿಗೆ ಹಿಡಿಯಲ್ಲ. ಕಬ್ಬು, ಸೌದೆ ಕಡಿಯೋ ಅಲಗಿಗೆ 30 ಡಿಗ್ರಿ ಆದ್ರೂ ಬೇಕು, ಇಲ್ಲಾಂದ್ರೆ ಅಂಚು ಚಕ್ಕೆ ಚಕ್ಕೆಯಾಗಿ ಮುರೀತದೆ. ಅದಕ್ಕೆ ಹಾರ್ಡ್‌ವೇರ್ ಅಂಗಡಿ ಕಾರ್ಬೋರಂಡಮ್ ಕಲ್ಲೇ ಸರಿ. ಅಮೆರಿಕದ ಅಚೆಸನ್ ಅನ್ನೋರು 1891ರಲ್ಲಿ ಕೃತಕ ವಜ್ರ ಮಾಡೋಕೆ ಹೋಗಿ ಆ ವಸ್ತು ಕಂಡ್ಕೊಂಡ್ರು. ಮದ್ರಾಸಲ್ಲಿ 1954ರಲ್ಲೇ ಅದರ ಕಂಪನಿ ಶುರುವಾಯ್ತು. ರಾಗಿ ಕುಯ್ಯೋ ಹಲ್ಲುಕುಡುಗೋಲನ್ನ ಕಲ್ಲಿಗೆ ಕೊಡಬೇಡ, ಹಲ್ಲೇ ಸವೀತದೆ. ಅದು ಆಚಾರಿ ಕೆಲಸ.

ಮೋಟಾರಿನ ಸಾಣೆಚಕ್ರಕ್ಕಂತೂ ಚಾಕು ಹಿಡೀಲೇಬೇಡ. ಅಂಚು ನೀಲಿ ಬಣ್ಣಕ್ಕೆ ತಿರುಗಿದ್ರೆ ಉಕ್ಕಿನ ಹದ ಹೋಯ್ತು ಅಂತಲೇ. ಆಮೇಲೆ ಎಷ್ಟು ಮಸೆದ್ರೂ ಹರಿತ ನಿಲ್ಲಲ್ಲ. ಈ ಹದ ಸಾಮಾನ್ಯದ್ದಲ್ಲ ಕಣಕ್ಕ. ನಮ್ಮ ಈರೋಡು ಜಿಲ್ಲೆಯಲ್ಲೇ, ಬೆಟ್ಟದ ಕೆಳಗೆ ನೊಯ್ಯಲ್ ಹೊಳೆ ದಂಡೆಯ ಕೊಡುಮಣಲಲ್ಲಿ ನೆಲ ಅಗೆದಾಗ ಕಬ್ಬಿಣದ ಕುಲುಮೆ, ಮೂಸೆಯಲ್ಲಿ ಉಕ್ಕು ಮಾಡಿದ ಗುರುತು ಸಿಕ್ಕವೆ. ಸುಮಾರು 2000 ವರ್ಷದ ಹಿಂದಿನ ಕೆಲಸ. ಅಷ್ಟು ಹಳೇ ವಿದ್ಯೆಯನ್ನ ಚಕ್ರ ಒಂದು ಗಳಿಗೆಯಲ್ಲಿ ಸುಟ್ಟುಬಿಡ್ತದೆ ಅಂದ್ರೆ ಹೊಟ್ಟೆ ಉರೀತದೆ.

ಇಷ್ಟೆಲ್ಲ ಮಸೆದು ಕೊಟ್ಟ ಮೇಲೆ ಗ್ರಾನೈಟ್ ಕಟ್ಟೆ ಮೇಲಿಟ್ಟು ಹೆಚ್ಚಿದ್ರೆ ನಾನು ಮಾತಾಡಲ್ಲ. ಮರದ ಹಲಗೆ ಇಟ್ಕೊ. ಈಳಿಗೆಮಣೆ ಅಲಗು ಬಾಗಿರೋದ್ರಿಂದ ಇಕ್ಕಳಕ್ಕೆ ಸಿಗಲ್ಲ, ಅದನ್ನ ಭಾನುವಾರ ಸಣ್ಣ ಕಲ್ಲಲ್ಲಿ ನೋಡೋಣ. ಬರೋವಾಗ ಮಗಳನ್ನೂ ಕರ್ಕೊಂಡು ಬಾ, ಅವಳ ಕೈಲೇ ಮಸೆಸ್ತೀನಿ.