ಫೋಟೋಗೆ ಹಾಡು ಹಚ್ಚುವ ಕ್ರಮ

ಬೇಕಾಗುವ ಸಾಮಗ್ರಿ: ಒಂದು ಫೋನು, ನಂದಿ ಬೆಟ್ಟ ಕಾಣುವ ಮಾಳಿಗೆ, ಬೆಳಗಿನ ಐದಕ್ಕೇ ಎಚ್ಚರವಾಗುವ ಕಾಯಿಲೆ. ಮುದ್ದೇನಹಳ್ಳಿಯ ನನಗೆ ಮೂರೂ ಇವೆ.

ಮೊದಲು 1,478 ಮೀಟರ್ ಎತ್ತರದ ಬೆಟ್ಟವನ್ನು ಹೆಬ್ಬೆರಳಿನಷ್ಟು ಮಾಡಿ, ಮೇಲಿನ ಮೋಡದಲ್ಲಿ ಮಳೆಹಾಡಿನ ಸಾಲೊಂದನ್ನು ಕೂರಿಸಿ. 2006ರ ‘ಮುಂಗಾರು ಮಳೆ’ಯ ನಂತರ ಮಳೆಹಾಡಿಗೆ ಬರವಿಲ್ಲ, ನಮ್ಮ ಕಡೆ ಬರ ಇರುವುದು ಮಳೆಗೆ. ಇಂಥ ಚಿತ್ರಗಳು ನನ್ನ ಬಳಿ ನಲವತ್ತಾದರೂ ಇದ್ದಾವು. ಮೊನ್ನೆ ಎಲ್ಲವನ್ನೂ ಒಟ್ಟಿಗೆ ನೋಡಿದೆ. ಟೊಮೇಟೊ ರಾಶಿಗೆ ‘ಟೊಮೇಟೊ’ ಅಂತ ಬೋರ್ಡು ಚುಚ್ಚಿದ ಹಾಗಿತ್ತು.

ಅಕ್ಷರದಲ್ಲಿ ಅವಸರ ಬೇಡ. ಆ್ಯಪ್‌ಗೆ ಕನ್ನಡ ಬಾರದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತುಬಿಡುತ್ತದೆ. ಪ್ರೇಮಗೀತೆಯ ‘ಕಣ್ಣು’ ‘ಕಣ್‌ಣು’ ಆಗಿದ್ದನ್ನು ಗಮನಿಸದೆ ಸ್ಟೇಟಸ್‌ಗೆ ಹಾಕಿದ್ದೆ. “ಚಿಕ್ಕಪ್ಪಾ, ಕಣ್ಣು ಒಡೆದೋಗಿದೆ ನೋಡಿ” ಅಂದಳು ಅಣ್ಣನ ಮಗಳು.

ನೀರಿನ ಹಾಡಿಗೆ ನದಿ ಹುಡುಕಬೇಡಿ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುವುದೇನೋ ಈ ಬೆಟ್ಟಸಾಲಿನಲ್ಲೇ, ತವರಲ್ಲಿ ನಿಲ್ಲುವ ಬುದ್ಧಿ ಒಂದಕ್ಕೂ ಇಲ್ಲ. ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯಿಂದ ಸಂಸ್ಕರಿಸಿದ ಕೊಳಚೆನೀರು ಬರುತ್ತದೆ. ಅಂಥದೊಂದು ಕೆರೆಯ ಮೇಲೆ ನಿರ್ಮಲ ಪ್ರೀತಿಯ ಸಾಲು ಬರೆದೆ. ಅದಕ್ಕೆ ಬಿದ್ದಷ್ಟು ಲೈಕು ಬೇರಾವುದಕ್ಕೂ ಬಿದ್ದಿಲ್ಲ.

ನಮ್ಮೂರಿನವರೇ ಆದ ವಿಶ್ವೇಶ್ವರಯ್ಯನವರ ಫೋಟೋಗೆ ಹಾಡು ಹಚ್ಚಬೇಡಿ. ಪೇಟ ಕಟ್ಟಿದ ಆ ಮುಖದೆದುರು ಯಾವ ಪಲ್ಲವಿಯೂ ಆಫೀಸಿಗೆ ತಡವಾಗಿ ಬಂದ ಗುಮಾಸ್ತನಂತೆ ಕಾಣುತ್ತದೆ.

ನನ್ನ ಕೈಯಲ್ಲಿ ಸರಿಯಾಗಿ ಬಂದದ್ದು ಒಂದೇ. ಹುಳುಮನೆಯಲ್ಲಿ ಹಣ್ಣಾದ ರೇಷ್ಮೆಹುಳು ಚಂದ್ರಿಕೆಯ ಸುರುಳಿಯೊಳಗೆ ಕೂತು, ಎಂಟು ಬರೆದಂತೆ ತಲೆಯಾಡಿಸುತ್ತ ಗೂಡು ನೇಯುತ್ತಿತ್ತು. ಗೂಡಿನ್ನೂ ತೆಳು, ಒಳಗಿನ ಹುಳು ನೆರಳಿನಂತೆ ಕಾಣುತ್ತಿತ್ತು. ಅದರ ಕೆಳಗೆ, ಯಾಕೆಂದು ಯೋಚಿಸದೆ, ಮಗಳನ್ನು ಒಪ್ಪಿಸಿಕೊಡುವ ಸೋಬಾನೆಯ ಸಾಲೊಂದನ್ನು ಹಾಕಿದೆ. ಅಮ್ಮ ಫೋನನ್ನು ದೂರ ಹಿಡಿದು ಓದಿದಳು. “ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ್ಮೇಲೆ ಇದಕ್ಕೆ ಕುದಿಯೋ ನೀರೇ ಅಲ್ವೇನೋ?” ಆ ಚಿತ್ರವನ್ನು ಸ್ಟೇಟಸ್‌ಗೆ ಹಾಕಲಿಲ್ಲ. ಬೆಟ್ಟದ ನಲವತ್ತೂ ಸೇರಿದರೂ ಅದರ ಹತ್ತಿರ ಬರುವುದಿಲ್ಲ.

ಈ ವಿದ್ಯೆಯನ್ನು ನಾನೇ ಕಂಡುಹಿಡಿದೆ ಎಂಬ ಜಂಭ ‘ಅಂತಃಪುರ ಗೀತೆ’ ಓದಿದಾಗ ಇಳಿಯಿತು. ಬೇಲೂರಿನ ಶಿಲಾಬಾಲಿಕೆಯರಿಗೆ ಹಾಡು ಕಟ್ಟಿದ ಡಿವಿಜಿ ಮುಳಬಾಗಿಲಿನವರು, ನಮ್ಮ ಹಳೇ ಕೋಲಾರ ಜಿಲ್ಲೆಯವರೇ. ಅವರು ಕಲ್ಲನ್ನು ವರ್ಣಿಸಿ ಸುಮ್ಮನಾಗಲಿಲ್ಲ, ಮಾತಾಡಿಸಿದರು.

ಕೊನೆಯ ಎಚ್ಚರಿಕೆ: ಸೋಬಾನೆಗೆ ಒಡೆಯರಿಲ್ಲ, ಕವಿಗಳ ಹಾಡಿಗಿದ್ದಾರೆ. ಕವಿ ತೀರಿಹೋದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಡಿವಿಜಿ ತೀರಿಕೊಂಡದ್ದು 1975ರಲ್ಲಿ. ಅವರ ಸಾಲನ್ನು ಯಾರನ್ನೂ ಕೇಳದೆ ಬೆಟ್ಟಕ್ಕೆ ಅಂಟಿಸುವ ಆಸೆಯಿದ್ದವರು 2036ರ ಜನವರಿವರೆಗೆ ಕಾಯಿರಿ.