ಖಾಲಿ ಗಾಡಿಗೆ ಕಾಯಿಲೆಯಿಲ್ಲ

ಗಾಡಿಯ ಫ್ಯೂಸು ಹೋಗಿದೆ ಎಂದು ಊರಲ್ಲಿ ಯಾರ ಹತ್ತಿರವೂ ಬಾಯಿಬಿಡಬಾರದು. ಜ್ವರ ಎಂದರೆ ಕಷಾಯ ಹೇಳಿ ಸುಮ್ಮನಾಗುವ ಜನ, ಫ್ಯೂಸು ಎಂದರೆ ಅಂಗಳಕ್ಕೇ ಇಳಿದು ಬರುತ್ತಾರೆ. ಸೆಕೆಂಡ್‌ಹ್ಯಾಂಡ್ ಪಿಕಪ್ಪು ಕೊಂಡ ಮೇಲೆ ನನಗೆ ಬಂದ ಸಲಹೆಯನ್ನು ಮೂಟೆ ಕಟ್ಟಿದ್ದರೆ ಅದನ್ನು ಸಾಗಿಸಲು ಇನ್ನೊಂದು ಪಿಕಪ್ಪು ಬೇಕಾಗುತ್ತಿತ್ತು.

ತೊಂದರೆ ಇಷ್ಟೆ. ಅಡಿಕೆ ಮೂಟೆ ಹೇರಿಕೊಂಡು ಬೆಳಗಿನ ಜಾವ ಸಾಗರದ ಮಂಡಿಗೆ ಹೊರಟರೆ, ಊರ ಹೊರಗಿನ ಹಂಪು ದಾಟುವಷ್ಟರಲ್ಲಿ ಮೀಟರಿನ ಬೆಳಕು ಫಕ್ಕನೆ ಆರಿಹೋಗುತ್ತಿತ್ತು. ಹೆಡ್‌ಲೈಟಿಗೆ ಏನೂ ಆಗುತ್ತಿರಲಿಲ್ಲ. ಹಿಂದಿನ ಕೆಂಪು ದೀಪ, ನಂಬರ್ ಪ್ಲೇಟಿನ ದೀಪ, ಡ್ಯಾಶ್‌ಬೋರ್ಡು ಮಾತ್ರ ಕತ್ತಲೆ. ಮೂರಕ್ಕೂ ಒಂದೇ ಫ್ಯೂಸು. ಹಿಂದಿನಿಂದ ಬಂದ ಲಾರಿಯವನು ಹತ್ತಿರ ಬಂದ ಮೇಲೆ ನಮ್ಮನ್ನು ಕಂಡು, ಹಾರ್ನಿನಲ್ಲೇ ಬೈದು ಮುಂದೆ ಹೋಗುತ್ತಿದ್ದ. ಆಮೇಲೆ ನಾನು ಗಾಡಿ ಬದಿಗೆ ಹಾಕಿ, ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸ್ಟೇರಿಂಗಿನ ಕೆಳಗೆ ಕುತ್ತಿಗೆ ತೂರಿಸಿ ಉಗುರಿನಷ್ಟಗಲದ ಆ ಕೆಂಪು ಫ್ಯೂಸನ್ನು ಕೀಳಬೇಕು. ಪ್ಲಾಸ್ಟಿಕ್ಕಿನ ಒಳಗೆ ಒಂದು ತಗಡಿನ ಎಳೆ ಬಳುಕುತ್ತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗಿರುತ್ತದೆ. ಹೋದ ಫ್ಯೂಸಿನಲ್ಲಿ ಅದು ನಡುವೆ ತುಂಡಾಗಿ, ತುದಿ ಕರಗಿ ಗುಂಡಗಾಗಿ, ಒಳಗೆಲ್ಲ ಚೂರು ಮಸಿ.

ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಹತ್ತರದ್ದು ಮಾರಾಯ, ಬಡಕಲು. ಹಳದಿ ಹಾಕು, ಇಪ್ಪತ್ತರದ್ದು. ಅದೂ ಹೋದರೆ ಹಸಿರು, ಮೂವತ್ತರದ್ದು."

"ಅದೂ ಹೋದರೆ?"

"ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ತುರುಕು. ಅದು ಜನ್ಮದಲ್ಲಿ ಹೋಗೂದಿಲ್ಲ."

ಬೇಗಡೆ ಹೋಗುವುದಿಲ್ಲ, ನಿಜ. ಗಾಡಿ ಹೋಗುತ್ತದೆ. ಆ ಸಾಲಿನಲ್ಲಿರುವುದೆಲ್ಲ 5 ವ್ಯಾಟಿನ ಪುಟ್ಟ ಬಲ್ಬುಗಳು. ಆರು ಉರಿದರೂ 30 ವ್ಯಾಟು, 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವುದು ಎರಡೂವರೆ ಆಂಪಿಯರು. 10 ಆಂಪಿಯರಿನ ಫ್ಯೂಸು ಅಷ್ಟಕ್ಕೆಲ್ಲ ಪ್ರಾಣ ಬಿಡುವ ಜಾತಿಯಲ್ಲ. ಗಾಡಿಯಲ್ಲಿ ಬಲ್ಬಿಗೆ ಹೋಗುವುದು ಪ್ಲಸ್ಸಿನ ವೈರು. ಕರೆಂಟು ವಾಪಸು ಬರುವುದು ಹೆಚ್ಚಾಗಿ ಗಾಡಿಯ ಕಬ್ಬಿಣದ ಮೈಯಲ್ಲೇ, ಬ್ಯಾಟರಿಯ ಮೈನಸ್ಸನ್ನು ಅದಕ್ಕೇ ಕಟ್ಟಿರುತ್ತಾರೆ. ಪ್ಲಸ್ ವೈರಿನ ಸಿಪ್ಪೆ ಎಲ್ಲಾದರೂ ಸುಲಿದು ಚಾಸಿಗೆ ತಾಗಿತೋ, ಕರೆಂಟು ಬಲ್ಬಿನ ಗೊಡವೆಗೇ ಹೋಗದೆ ನುಗ್ಗುತ್ತದೆ. ವೈರು ಕಾಯುವ ಮೊದಲೇ ಫ್ಯೂಸು ತಾನು ಸಾಯುತ್ತದೆ. ಹಸಿರು ಹಾಕಿದರೆ ಸಾಯುವ ಸರದಿ ವೈರಿನದ್ದು, ಅದೂ ಡ್ಯಾಶ್‌ಬೋರ್ಡಿನ ಹಿಂದೆ, ನನ್ನ ಮೊಣಕಾಲಿಗೆ ಗೇಣು ದೂರದಲ್ಲಿ. ಇದನ್ನೆಲ್ಲ ಭಾವನಿಗೆ ವಿವರಿಸಿದೆ. "ಓದಿದವರಿಗೆ ಹೇಳಿ ಪ್ರಯೋಜನ ಇಲ್ಲ" ಎಂದು ಕವಳ ಉಗಿಯಲು ಎದ್ದುಹೋದರು.

ಸೊಸೈಟಿಯ ಸೆಕ್ರೆಟರಿ ಇಲಿಯ ಮೇಲೆ ಹೇಳಿದರು. ಬಾನೆಟ್ಟಿನೊಳಗೆ ನುಸಿಗುಳಿಗೆ ಇಟ್ಟೆ. ಅಮ್ಮ ದೃಷ್ಟಿ ಎಂದರು; ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ಇಲಿ ಬರಲಿಲ್ಲ, ದೃಷ್ಟಿಯೂ ತಾಗಿರಲಿಕ್ಕಿಲ್ಲ. ಫ್ಯೂಸು ಹೋಯಿತು.

ಪೇಟೆಯ ಎಲೆಕ್ಟ್ರಿಷಿಯನ್ನಿನ ಶೆಡ್ಡಿನಲ್ಲಿ ಮಾತ್ರ ನಮ್ಮ ಗಾಡಿಯಂಥ ಸಾಧು ಗಾಡಿ ಇನ್ನೊಂದಿಲ್ಲ. ಲೈಟು ಹಾಕಿದರೆ ಉರಿಯಿತು. ಹೋಲ್ಡರ್ ಅಲ್ಲಾಡಿಸಿದರೂ ಉರಿಯಿತು. ಹುಡುಗ ತಲೆ ಕೆರೆದುಕೊಂಡು ಕೇಳಿದ:

"ಸಾರ್, ಮಂಡಿಗೆ ಹೋಗುವಾಗ ಹೋಗ್ತದೋ, ವಾಪಸ್ ಬರುವಾಗಲೋ?"

"ಹೋಗುವಾಗ."

"ಹಾಗಾದ್ರೆ ಲೋಡಿನ ಮೇಲೆ ಶಾರ್ಟ್ ಆಗ್ತಿದೆ. ಖಾಲಿ ಗಾಡಿ ತಂದು ಎಂತ ತೋರಿಸ್ತೀರಿ?"

ಅಲ್ಲಿಂದ ಅವನ ಕೆಲಸ ನೋಡುವ ಹಾಗಿತ್ತು. ಆ ಸಾಲಿನ ಬಲ್ಬುಗಳನ್ನೆಲ್ಲ ಕಳಚಿದ, ಮೀಟರಿನ ಕಪ್ಲರ್ ಎಳೆದ. ಫ್ಯೂಸು ಕೂರುವ ಜಾಗಕ್ಕೆ ಇಂಡಿಕೇಟರಿನ 21 ವ್ಯಾಟಿನ ಬಲ್ಬೊಂದನ್ನು ಎರಡು ವೈರಿನಲ್ಲಿ ಸಿಕ್ಕಿಸಿದ. ಈಗ ಕರೆಂಟು ಹೋಗಲು ದಾರಿಯೇ ಇಲ್ಲ, ಆದ್ದರಿಂದ ಬಲ್ಬು ಉರಿಯಬಾರದು. ಉರಿಯಿತು ಎಂದರೆ ಎಲ್ಲೋ ಕಳ್ಳದಾರಿ ಇದೆ. ಆಗಲೂ ಎರಡು ಆಂಪಿಯರು ಮೀರುವುದಿಲ್ಲ, ಏನೂ ಸುಡುವುದಿಲ್ಲ, ದಿನವಿಡೀ ಹುಡುಕಬಹುದು. ಹೋದ ಫ್ಯೂಸುಗಳಿಗೆ ನಾನು ಸುರಿದ ದುಡ್ಡಿನ ಎದುರು ಆ ಬಲ್ಬಿನ ಬೆಲೆ ನೆನೆದು ಹೊಟ್ಟೆ ಉರಿಯಿತು.

ಲೋಡಿಗೆ ಮೂಟೆ ಎಲ್ಲಿಂದ ತರುವುದು? ಪಕ್ಕದಲ್ಲೇ ಚಹಾದಂಗಡಿ, ಅದರ ಪಕ್ಕ ಬಸ್‌ಸ್ಟಾಪು. "ಎಲ್ಲರೂ ಸ್ವಲ್ಪ ಹತ್ತಿ!" ಎಂದು ಹುಡುಗ ಕೂಗಿದ್ದೇ ತಡ, ಕಾಲೇಜಿನ ಹುಡುಗರು, ಚಹಾ ಕುಡಿಯುತ್ತಿದ್ದವರು, ಕೆಲಸವಿದ್ದವರು, ಇಲ್ಲದವರು ತುಂಬಿಕೊಂಡರು. ಒಬ್ಬ ಅಜ್ಜಿ "ಸೊರಬಕ್ಕೆ ಹೋಗ್ತದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚೀಲ ಒಳಗೆ ಎಸೆದರು. ಎಲೆಕ್ಟ್ರಿಷಿಯನ್ ಹಿಂದಿನ ಚಕ್ರದ ಪಕ್ಕ ಅಂಗಾತ ಮಲಗಿ ಟಾರ್ಚು ಹಿಡಿದ. "ಕುಣೀರಿ!" ಜನ ಕುಣಿದರು. ಮುಂದೆ ಕೂತು ಬಲ್ಬು ನೋಡುತ್ತಿದ್ದ ನಾನು "ಬಂತು! ಹೋಯ್ತು! ಬಂತು!" ಎಂದು ಕಿರುಚುತ್ತಿದ್ದೆ. ದಾರಿಹೋಕರೊಬ್ಬರು ಬೈಕು ನಿಲ್ಲಿಸಿ ಯಾವ ಪಾರ್ಟಿ ಎಂದು ವಿಚಾರಿಸಿದರು.

ಹಿಂದಿನ ಮಾಲೀಕ ಯಾರೋ ಕಬ್ಬಿಣದ ಫ್ರೇಮು ಕೂರಿಸುವಾಗ ವೈರಿಂಗಿನ ಒಂದು ಕ್ಲಿಪ್ಪು ಬಿಚ್ಚಿ ಹಾಗೇ ಬಿಟ್ಟಿದ್ದ. ವೈರಿನ ಕಂತೆ ಜೋತುಬಿದ್ದಿತ್ತು. ಭಾರ ಬಿದ್ದು ಪ್ಲೇಟು ಕುಗ್ಗಿದಾಗ ಚಾಸಿಗೂ ಆಕ್ಸೆಲ್ಲಿಗೂ ನಡುವೆ ಅದು ಜಜ್ಜಿಹೋಗುತ್ತಿತ್ತು. ಕಪ್ಪು ಸ್ಲೀವು ಸವೆದ ಕಡೆ ಅಕ್ಕಿಕಾಳಿನಷ್ಟು ತಾಮ್ರ ಮಿರಮಿರ ಮಿಂಚುತ್ತಿತ್ತು. ಟೇಪು, ಹೊಸ ಸ್ಲೀವು, ಕ್ಲಿಪ್ಪು; ಕೆಲಸ ಮುಗಿಯಿತು. ಅವನು ಕೇಳಿದ ದುಡ್ಡಿಗಿಂತ ಕುಣಿದವರ ಚಹಾದ ಬಿಲ್ಲು ಜಾಸ್ತಿಯಾಯಿತು. ಅಜ್ಜಿಯನ್ನು ಇಳಿಸುವುದು ಮಾತ್ರ ಕಷ್ಟವಾಯಿತು. ಕುಣಿಸಿದ ಮೇಲೆ ಬಿಟ್ಟುಬರಬೇಕಾದ್ದು ನ್ಯಾಯ ಎಂದು ಅವರ ವಾದ.

ಲೋಡಿನದ್ದೇ ತೊಂದರೆ ಎಂದು ತಾನು ಮೊದಲಿಂದ ಹೇಳುತ್ತಿದ್ದೆನೆಂದು ಭಾವ ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಮೊನ್ನೆ ಯಕ್ಷಗಾನದ ಮೈಕ್ ಸೆಟ್ಟಿನ ಫ್ಯೂಸು ಹೋದಾಗ, ರಂಗಸ್ಥಳದ ಮೇಲೆ ಆಗ ಎಷ್ಟು ಜನ ಕುಣಿಯುತ್ತಿದ್ದರೆಂದು ಭಾಗವತರನ್ನೇ ಹಿಡಿದು ಕೇಳಿದರಂತೆ.