ಮೌಸಿನ ಸಾಥ್

ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಆಂಪ್ಲಿಫೈಯರಿನ ವೈರು ಸಿಕ್ಕಿಸಿ ಭೀಮಸೇನ ಜೋಶಿಯವರ ವಿಲಂಬಿತ್ ಹಚ್ಚಿದರೆ ತಂಬೂರಿ, ತಬಲಾ, ಹಾರ್ಮೋನಿಯಂ ಜೊತೆಗೆ ಇನ್ನೊಂದು ಪಕ್ಕವಾದ್ಯವೂ ಕೇಳಿಸುತ್ತಿತ್ತು. ಮೌಸ್! ಎಡಕ್ಕೆ ಸರಿಸಿದರೆ ‘ಕಿರ್ರ್’, ಬಲಕ್ಕೆ ಸರಿಸಿದರೆ ‘ಚಿರ್ರ್’. ಪ್ರೊಸೆಸರು ಮನಸ್ಸು ಬಂದಾಗಲೆಲ್ಲ ಗಬಕ್ಕನೆ ಕರೆಂಟು ಎಳೆಯುತ್ತದೆ. ಪಕ್ಕದಲ್ಲೇ ಮುದುಡಿ ಕೂತ ಆಡಿಯೋ ಸರ್ಕ್ಯೂಟಿಗೆ ಆ ಗದ್ದಲವೆಲ್ಲ ನುಗ್ಗುತ್ತದೆ.

“ಲ್ಯಾಪ್‌ಟಾಪ್ ಒಳಗೆ ಹಾಡು ಹುಟ್ಟಿಸೋದೇ ಬೇಡ. ಬರೀ ಅಂಕಿ ಹೊರಗೆ ತಗೊಳ್ಳಿ, ಹಾಡು ಹೊರಗೆ ಮಾಡ್ಕೊಳ್ಳಿ” ಎಂದರು ನಮ್ಮ ಭಾವ. ಸಾಲ್ಡರಿಂಗ್ ಹೊಗೆ ಕುಡಿದೇ ಬೆಳೆದವರು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಎರಡು ಬೆರಳಗಲದ ಯುಎಸ್‌ಬಿ ಆಡಿಯೋ ಬೋರ್ಡೊಂದನ್ನು ತಂದೆ. ಮಧ್ಯೆ ಪಿಸಿಎಂ2704 ಎಂಬ ಕರಿ ಚಿಪ್ಪು, ಪಕ್ಕದಲ್ಲಿ 12 ಮೆಗಾಹರ್ಟ್ಸ್‌ನ ಕ್ರಿಸ್ಟಲ್ಲು. ಡ್ರೈವರ್ ಗೀವರ್ ಏನೂ ಕೇಳಲಿಲ್ಲ, ಚುಚ್ಚಿದೆ, ಹಾಡಿತು.

ಇದರ ಲೆಕ್ಕಾಚಾರ ನನಗೆ ಹಾಡಿನಷ್ಟೇ ಹಿಡಿಸಿತು. ಸಿ.ಡಿ. ಗುಣಮಟ್ಟವೆಂದರೆ ಸೆಕೆಂಡಿಗೆ 44,100 ಮಾದರಿಗಳು. ಯುಎಸ್‌ಬಿ ಅವನ್ನು ಮಿಲಿಸೆಕೆಂಡಿಗೊಂದು ಕಂತಿನಂತೆ ಕಳಿಸುತ್ತದೆ. ಆದರೆ 44.1 ಮಾದರಿ ಕಳಿಸುವುದು ಹೇಗೆ? ಒಂಬತ್ತು ಕಂತಿಗೆ ತಲಾ 44, ಹತ್ತನೆಯದಕ್ಕೆ ಸಂತೆಯ ಕೊಸರಿನ ಹಾಗೆ 45!

ಮೌಸ್ ಬಾಯಿ ಮುಚ್ಚಿತು. ಮುಚ್ಚಿದ ಮೇಲೆ ಅದರ ಹಿಂದಿದ್ದ ‘ಗುಂಯ್’ ಕೇಳಿಸಿತು. ಐವತ್ತು ಹರ್ಟ್ಸ್, ಅಪ್ಪಟ ಸರ್ಕಾರಿ ಶ್ರುತಿ. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರಿಗೂ ಅರ್ಥಿಂಗು, ಆಂಪ್ಲಿಫೈಯರಿಗೂ ಅರ್ಥಿಂಗು. ಎರಡೂ ನನ್ನ ಬೋರ್ಡಿನ ಮೂಲಕ ಕೈ ಕೈ ಹಿಡಿದು ಸುತ್ತು ಹೊಡೆಯುತ್ತಿದ್ದವು. ಚಾರ್ಜರ್ ಕಿತ್ತರೆ ಗುಂಯ್ ಮಾಯ. ಒಂದೊಂದು ರಾಗಕ್ಕೂ ಒಂದೊಂದು ಪ್ರಹರ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದನ್ನು ಬ್ಯಾಟರಿ ನಿರ್ಧರಿಸತೊಡಗಿತು. ದ್ರುತ್‌ಗೆ ಬರುವಷ್ಟರಲ್ಲಿ ಕೆಂಪು ಗೆರೆ. ಜೋಶಿಯವರು ತಾನ್ ಮೇಲೆ ತಾನ್ ಎಸೆಯುತ್ತಿದ್ದರೆ ನನ್ನ ಕಣ್ಣು ಪರದೆಯ ಮೂಲೆಯ ಶೇಕಡಾವಾರಿನ ಮೇಲೆ.

ಭಾವ ಮತ್ತೆ ಬಂದು ಲ್ಯಾಪ್‌ಟಾಪಿಗೂ ಬೋರ್ಡಿಗೂ ನಡುವೆ ಐಸೊಲೇಟರ್ ಹಾಕಿಸಿದರು. ಅದರ ಎಡಿಯುಎಂ4160 ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಪುಟ್ಟ ಸುರುಳಿಗಳಿವೆ. ಈಚೆಯ ತಂತಿಗೂ ಆಚೆಯ ತಂತಿಗೂ ಸಂಬಂಧವೇ ಇಲ್ಲ, ಮಾಹಿತಿ ಮಾತ್ರ ದಾಟುತ್ತದೆ. ಬೀಗರ ಜಗಳಗಳಿಗೂ ಇಂಥದ್ದೊಂದು ಬಂದರೆ ಮೊದಲ ಗಿರಾಕಿ ನಾನೇ. ಬೆಲೆ ಮಾತ್ರ ಬೋರ್ಡಿಗಿಂತ ಹೆಚ್ಚು.

ಚಾರ್ಜರ್ ಚುಚ್ಚಿದೆ, ಹಾಡು ನಿಲ್ಲಿಸಿದೆ, ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಅಡುಗೆಮನೆಯಿಂದ ಹೆಂಡತಿಯನ್ನು ಕರೆದು ಸ್ಪೀಕರಿನ ಮುಂದೆ ಕೂರಿಸಿದೆ.

“ಏನಾದ್ರೂ ಕೇಳಿಸ್ತಿದೆಯೇನೇ?”

ಅವಳು ಕಿವಿ ಹತ್ತಿರ ತಂದು ಆಲಿಸಿದಳು. “ಏನೂ ಇಲ್ಲ.”

“ನೋಡಿದ್ಯಾ! ಅದಕ್ಕೇ ಇಷ್ಟೊಂದು ಖರ್ಚು ಮಾಡಿದ್ದು.”

“ಏನೂ ಕೇಳಿಸದೇ ಇರೋಕೆ ಆಫ್ ಮಾಡಿದ್ರೆ ಸಾಕಿತ್ತಲ್ರೀ?”